ಎತ್ತಿದಲ್ಲೇ ನಿಲ್ಲುತ್ತಿದ್ದ ಕೈಗಳು

ಕುವೆಂಪುನಗರದಲ್ಲಿ ನಾನು ಸೈಬರ್ ಸೆಂಟರ್ ನಡೆಸುತ್ತಿದ್ದಾಗ, ಇಂಟರ್‌ನೆಟ್ ನಿಧಾನವಾದರೆ ಗಿರಾಕಿಗಳು ನನ್ನನ್ನು ಬೈಯೋರು, ನಾನು ಟೆಲಿಫೋನ್‌ನವರನ್ನು ಬೈಯುತ್ತಿದ್ದೆ. ಮೂಲೆಯಲ್ಲಿ ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರೊಂದಿತ್ತು. ಮಿಕ್ಕ ಮೆಷಿನ್ನುಗಳಿಗೆಲ್ಲ ಇಂಟರ್‌ನೆಟ್ ಹಂಚುತ್ತಿದ್ದುದು ಅದೇ.

ಭಾನುವಾರಗಳಲ್ಲಿ ಬೋಗಾದಿಯಿಂದ ತಾಯಿ ಮಗಳು ಬರುತ್ತಿದ್ದರು. ಮಗಳಿಗೆ ಕಿವಿ ಕೇಳಿಸದು, ಮಾತು ಬಾರದು. ಹೊಲಿಗೆಯಲ್ಲಿ ಮಾತ್ರ ಎತ್ತಿದ ಕೈ. ಹುಬ್ಬಳ್ಳಿಯ ಹುಡುಗನೊಬ್ಬನ ಜೊತೆ ಮದುವೆಯ ಮಾತು ನಡೆದಿತ್ತು. ಅವನಿಗೂ ಕೇಳಿಸದು. ಇಬ್ಬರೂ ಕ್ಯಾಮೆರಾ ಮುಂದೆ ಕೈಸನ್ನೆಯಲ್ಲಿ ಮಾತಾಡಿ ಒಪ್ಪಿದರೆ ನಿಶ್ಚಿತಾರ್ಥ. ಆದರೆ ಪರದೆಯ ಮೇಲೆ ಅವನ ಕೈ ಎತ್ತಿದಲ್ಲೇ ನಿಲ್ಲೋದು, ಮತ್ತೆ ನೋಡಿದರೆ ಮಡಿಲಲ್ಲಿರೋದು. ನಡುವಿನ ಮಾತೆಲ್ಲ ಗಾಳಿಗೆ.

"ಸಾಕು ಬುಡಕ್ಕ, ಮುಖ ಕಾಣ್ತದಲ್ಲ," ಎಂದರು ತಾಯಿ. "ನಾವು ಅದನ್ನೂ ನೋಡ್ದೆ ಕಟ್ಕಂಡೋರು."

ಮಗಳು ನನ್ನ ಕಡೆ ತಿರುಗಿ ಪರದೆಯನ್ನು ಬೆರಳಿಂದ ಕುಟ್ಟಿ ತೋರಿಸಿದಳು. ನನಗೆ ಸಂಕಟವಾಯಿತು. ಜೀವನ ಕಟ್ಟಿಕೊಳ್ಳೋಳು ಅವಳು, ಅರ್ಧಂಬರ್ಧ ಮಾತಿಗೆ ಹೇಗೆ ತಲೆಯಾಡಿಸುತ್ತಾಳೆ?

ಆ ವಾರವೆಲ್ಲ ಅದೇ ಗುಂಗು. ಕೇಬಲ್ ಬದಲಿಸಿದೆ. ಟೆಲಿಫೋನ್ ಆಫೀಸಿಗೆ ಹೋಗಿ ಜಗಳವಾಡಿದೆ, ಅವರ ಲೈನ್ ಸರಿಯಾಗೇ ಇತ್ತಂತೆ. ಆಮೇಲೆ ಗಮನಿಸಿದೆ: ಬರೀ ಪೇಜು ತೆರೆದರೆ ತೊಂದರೆಯಿಲ್ಲ, ಕ್ಯಾಮೆರಾ ಚಿತ್ರ ಹೋಗೋದೂ ಬರೋದೂ ಒಟ್ಟಿಗೆ ನಡೆದರೆ ಕುಂಟುತ್ತೆ. ಲಿನಕ್ಸ್ ಮೆಷಿನ್ನಿನ ನೆಟ್‌ವರ್ಕ್ ಕಾರ್ಡಿನ ವಿವರ ತೆಗೆದರೆ, ರಾಶಿ ರಾಶಿ ತಪ್ಪುಗಳು.

ಕಾರ್ಡು ಹಾಕಿಕೊಟ್ಟ ಮಹಾನುಭಾವನಿಗೆ ಫೋನ್ ಮಾಡಿದೆ. "ಫುಲ್ ಅಂತ ಫಿಕ್ಸ್ ಮಾಡಿದೀನಿ ಮೇಡಂ, ಫುಲ್ ಅಂದ್ರೆ ಸ್ಪೀಡು," ಎಂದ. ಅವನ ಬುದ್ಧಿಗಿಷ್ಟು! ಫುಲ್ ಅಂದರೆ ಕಳಿಸೋದು, ಪಡೆಯೋದು ಎರಡೂ ಏಕಕಾಲಕ್ಕೆ. ಆದರೆ ವೈರುಗಳೆಲ್ಲ ಸೇರುತ್ತಿದ್ದ ನನ್ನ ಹಳೇ ಹಬ್ಬು ಒಂದು ಸಲಕ್ಕೆ ಒಬ್ಬರಿಗೇ ದಾರಿ ಬಿಡೋ ಜಾತಿ. ಎರಡೂ ಕಡೆಯದು ಡಿಕ್ಕಿ ಹೊಡೆದು ಹಾಳಾಗುತ್ತಿತ್ತು. ಹಬ್ಬಿಗೆ ಹೊಂದಿಕೊಂಡು ಹೋಗು ಅಂತ ಕಾರ್ಡಿಗೆ ಒಂದು ಸಾಲಿನ ಆದೇಶ ಕೊಟ್ಟೆ. ತಪ್ಪುಗಳು ನಿಂತವು.

ಮುಂದಿನ ಭಾನುವಾರ ಅವನ ಕೈಗಳು ಸಲೀಸಾಗಿ ಆಡಿದವು. ಹುಡುಗಿಯ ಮುಖ ಅರಳಿತು. ನನಗೆ ಹೆಮ್ಮೆಯೋ ಹೆಮ್ಮೆ. ಸ್ವಲ್ಪ ಹೊತ್ತಾದ ಮೇಲೆ ಅವಳು ನಿಧಾನವಾಗಿ ಏನೋ ಕೇಳಿದಳು. ನಿನಗೆ ನಿಜವಾಗಲೂ ಇಷ್ಟವಾ ಅಂತ ಕೇಳ್ತಿದಾಳೆ, ಎಂದರು ತಾಯಿ. ಅವನು ಪಕ್ಕದಲ್ಲಿ ಯಾರನ್ನೋ ನೋಡಿದ. ಕೈ ಮೇಲೇಳಲಿಲ್ಲ.

ಹೋದ ವಾರವಾಗಿದ್ದರೆ ಲೈನ್ ನಿಂತಿದೆ ಅಂದುಕೊಳ್ಳುತ್ತಿದ್ದೆವು. ಈಗ ಅವನು ರೆಪ್ಪೆ ಬಡಿಯೋದೂ ಕಾಣುತ್ತಿತ್ತು.

ತಾಯಿ ಸೆರಗು ಬಾಯಿಗಿಟ್ಟುಕೊಂಡರು. "ಇಷ್ಟು ಚೆನ್ನಾಗಿ ಯಾಕಕ್ಕ ಸರಿ ಮಾಡ್ಬುಟ್ರಿ?"

ಹುಡುಗಿ ಅಳಲಿಲ್ಲ. ಕುರ್ಚಿ ಮುಂದಕ್ಕೆಳೆದು ಅವನಿಗೆ ಇನ್ನೇನೋ ಹೇಳಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಏನಂದಳೆಂದು ಕೇಳಿದೆ.

"ಮನೇಲಿ ನೀನು ಬೈಸ್ಕೋಬ್ಯಾಡ," ಎಂದರು ತಾಯಿ, ಮಗಳ ಕೈಗಳನ್ನೇ ನೋಡುತ್ತ. "ನಾನೇ ಒಲ್ಲೆ ಅಂದೆ ಅಂತ ಹೇಳ್ತೀನಿ, ಅಂದ್ಲು."