ಸತ್ತ ಹಕ್ಕಿ ಎತ್ತುವ ಮಗಳು

ಹಾಲುತೊಂಡೆ ರೋಗ ತಗುಲಿದ ರೇಷ್ಮೆಹುಳಗಳನ್ನು ತಟ್ಟೆಯಿಂದ ಆಯ್ದು ಸುಣ್ಣದ ಡಬ್ಬಕ್ಕೆ ಹಾಕುತ್ತಿದ್ದೆ. ಆ ರೋಗ ಬಂದ ಹುಳ ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸುತ್ತದೆ. ಅದು ತಾಕಿದ ಹುಳವೂ ಉಳಿಯುವುದಿಲ್ಲ. ಕೈ ಬಿಡುವಿಲ್ಲದೆ, ಫೋನು ಎರಡು ಸಲ ಬಡಕೊಂಡರೂ ಎತ್ತಲಿಲ್ಲ. ಮೂರನೇ ಸಲ ನಮ್ಮ ಮನೆಯವರು ಎತ್ತಿ ನನ್ನ ಕಿವಿಗೆ ಹಿಡಿದರು. ಮಗಳು.

ಅವಳು ಸಮುದ್ರದ ದಡದ ಒಂದು ಪಕ್ಷಿಧಾಮದಲ್ಲಿ ಸಂಶೋಧನೆ ಮಾಡುತ್ತಾಳೆ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವುದು ಎಲ್ಲಿಗೆ ಹೋಯಿತು, ಯಾವುದು ತಿರುಗಿ ಬಂತು ಎಂದು ಬರೆದುಕೊಳ್ಳುವ ಕೆಲಸ. ಆ ತಿಂಗಳು ಬರೆಯುವುದು ಬಿಟ್ಟು ಸತ್ತ ಹಕ್ಕಿ ಎತ್ತುತ್ತಿದ್ದಳು. ಹಕ್ಕಿಜ್ವರ ಬಿದ್ದಿತ್ತು. ಈಗ ಅವಳಿಗೇ ಜ್ವರವಂತೆ, ಆಸ್ಪತ್ರೆಯಲ್ಲಿ ಬೇರೆ ಕೋಣೆಯಲ್ಲಿ ಇಟ್ಟಿದ್ದಾರಂತೆ, ಪರೀಕ್ಷೆಗೆ ಕಳಿಸಿದ್ದಾರಂತೆ, ಯಾರೂ ಬರಬಾರದಂತೆ. ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಕೆಮ್ಮಿದಳು.

ನಾನು ಕೈ ತೊಳೆದು ಸೀರೆ ಬದಲಾಯಿಸಿದೆ. ನಮ್ಮೂರು ತಿಪ್ಪಸಂದ್ರದಿಂದ ಮಾಗಡಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಚೀಲಕ್ಕೆ ವಿಭೂತಿ ಗಟ್ಟಿ, ಮೆಣಸು, ಅವಳ ಹಳೇ ಸ್ವೆಟರು ತುಂಬಿಕೊಂಡೆ. ಯಾರಿಗೆ ಬಾಗಿಲು ಹಾಕಿದರೂ ಹೆತ್ತವಳಿಗೆ ಹಾಕುತ್ತಾರೆಯೇ ಅಂದೆ. ಮನೆಯವರು ಅಡ್ಡ ಬರಲಿಲ್ಲ, ಜಗಲಿಯ ಮೇಲೆ ಕೂತೇ ಹೇಳಿದರು.

"ಹೋದ್ ತಿಂಗ್ಳು ನಿನ್ ತಮ್ಮ ಬಂದಾಗ ಹುಳಿನ್ ಮನೆ ಒಳೀಕ್ ಬುಟ್ಯಾ? ಅವ್ನ್ ಮನೆ ಹುಳಕ್ ರೋಗ ಐತೆ ಅಂತ ಅಂಗಳದಲ್ಲೇ ನಿಲ್ಸಿ ಕಾಪಿ ಕೊಟ್ಟೆ. ಆಸ್ಪತ್ರೆಯವ್ರೂ ಅದನ್ನೇ ಮಾಡವ್ರೆ."

"ನನ್ ಮಗ್ಳು ಹುಳ ಅಲ್ಲ," ಅಂದೆ.

"ಅಲ್ಲ ಕಣೆ," ಅಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಚೀಲ ಕೆಳಗಿಟ್ಟೆ. ದೇವರ ಮುಂದೆ ಕೂತರೆ ಮಂತ್ರ ಬರಲಿಲ್ಲ. ಶಿವಾ, ಶಿವಾ ಅಂತ ಮಾತ್ರ ಬಂತು. ಸಾವನದುರ್ಗದ ವೀರಭದ್ರಸ್ವಾಮಿಗೆ ಹರಕೆ ಹೊರೋಣವೆಂದರೆ ಏನು ಕೊಡುತ್ತೇನೆಂದರೂ ಕಡಿಮೆ ಅನ್ನಿಸಿತು. ಮಾರನೇ ದಿನ ಮಗಳು ಎರಡು ಇಡ್ಲಿ ತಿಂದೆ ಅಂದಳು. ಸ್ವಾಮಿಯ ದಯೆ. ಅದರ ಮಾರನೇ ದಿನ ಅವಳಿಗೆ ಮಾತಾಡಲಾಗದೆ ಫೋನಿನಲ್ಲಿ ಬರೀ ಉಸಿರು ಕೇಳಿಸಿತು. ಉಸಿರಾದರೂ ಐತಲ್ಲ ಎಂದು ಅದನ್ನೂ ದಯೆಯೆಂದೇ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ಎದೆ ನಂಬಲಿಲ್ಲ. ಹಿತ್ತಲ ಕಡೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ನಾಲ್ಕನೇ ದಿನ ಅವಳೇ ಫೋನು ಮಾಡಿದಳು. ಹಕ್ಕಿಜ್ವರ ಅಲ್ಲವಂತೆ, ನ್ಯುಮೋನಿಯಾವಂತೆ, ಔಷಧಿ ಹಿಡಿಯುತ್ತಿದೆಯಂತೆ. ಊರಿಗೆ ಬಂದುಬಿಡು, ಆ ಹಕ್ಕಿ ಸಹವಾಸ ಸಾಕು ಅಂದೆ. ಕೆಮ್ಮು ನಿಂತ ಮೇಲೆ ಅವಳು ಹೇಳಿದಳು.

"ಮರಿಗಳು ಇನ್ನೂ ಅವೆ ಕಣಮ್ಮ. ಸತ್ತವನ್ನ ಎತ್ತದಿದ್ರೆ ಅವೂ ಹೋಯ್ತವೆ. ಎದ್ದು ಓಡಾಡಂಗಾದ್ ಮೇಲೆ ಹೋಯ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ, ಮೂಲೆಯಲ್ಲಿದ್ದ ಸುಣ್ಣದ ಡಬ್ಬ ಕಣ್ಣಿಗೆ ಬಿತ್ತು. ಕೈಗವಸು ಬಿಗಿಯಾಗಿ ಹಾಕ್ಕೋ ಅಂದೆ.

ಏನಂದಳು ಎಂದು ಮನೆಯವರು ಕೇಳಿದರು. ತಿರುಗಿ ಹೋಗುತ್ತಾಳಂತೆ ಅಂದೆ. ಬೆಳಗಿನಿಂದ ಇಬ್ಬರೂ ಒಂದು ತುತ್ತೂ ತಿಂದಿರಲಿಲ್ಲ. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.