ಎರಡು ಸೀಟಿನ ಮಿಗ್ ಕಿಟ್ ನಿರೀಕ್ಷಿಸಿದ ಬಗ್ಗೆ

ನನ್ನ ಬರವಣಿಗೆ ಸಾಮಾನ್ಯವಾಗಿ ಉಲ್ಲೇಖದಿಂದ ಆರಂಭವಾಗಿ ‘ತಮ್ಮ ವಿಶ್ವಾಸಿ’ಯಲ್ಲಿ ಮುಗಿಯುತ್ತದೆ. ಸಿಂದಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಪತ್ರಗಳ ಕರಡು ಸಿದ್ಧಪಡಿಸುವುದು ನನ್ನ ಕೆಲಸ. ಸ್ವಂತದ ಸಂಗತಿಯೊಂದನ್ನು ಅಪರಿಚಿತರ ಅವಗಾಹನೆಗೆ ತರುತ್ತಿರುವುದು ಇದೇ ಮೊದಲು. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕೆಂದು ವಿನಂತಿಸುತ್ತೇನೆ. ಇನ್ನಷ್ಟು ಸಿದ್ಧತೆ ಮಾಡಿಕೊಂಡು ಬರೆಯಬಹುದಿತ್ತು. ಆದರೆ ಈ ವಿಷಯದಲ್ಲಿ ಕಾಯುವುದೆಂದರೆ ಈಗ ನನಗೆ ಭಯ.

ವಿಷಯವೇನೆಂದರೆ, ನಾನು ಪ್ಲಾಸ್ಟಿಕ್ಕಿನ ಚಿಕ್ಕ ವಿಮಾನಗಳನ್ನು ಜೋಡಿಸುವ ಹವ್ಯಾಸದವನು. ಇವು ಆಟಿಕೆಗಳಲ್ಲ. ನಿಜವಾದ ವಿಮಾನದ ಪ್ರತಿಯೊಂದು ಅಳತೆಯನ್ನೂ ನಲವತ್ತೆಂಟರಿಂದ ಭಾಗಿಸಿ ತಯಾರಿಸಿದ ಬಿಡಿಭಾಗಗಳು ಡಬ್ಬಿಯಲ್ಲಿ ಬರುತ್ತವೆ. ಅದನ್ನು ಕಿಟ್ ಎನ್ನುತ್ತೇವೆ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಭಾಗದಲ್ಲಿ ಬಣ್ಣದ ಕೆಲಸ ನಿಲ್ಲುತ್ತದೆ, ಏಕೆಂದರೆ ಹಸಿ ರೆಕ್ಕೆಯ ಮೇಲೆ ಹೊಟ್ಟು ಬಂದು ಕೂರುತ್ತದೆ. ನಾವು ಕಟ್ಟುವುದು ಸೋವಿಯತ್ ಕಾಲದ ಯುದ್ಧವಿಮಾನಗಳನ್ನು ಮಾತ್ರ. ನಮ್ಮ ವಾಯುಪಡೆಯಲ್ಲಿ ದಶಕಗಳ ಕಾಲ ಹಾರಿದವು ಹೆಚ್ಚಾಗಿ ಅವೇ ಎಂಬುದು ಕೇಳಿದವರಿಗೆ ನಾವು ಕೊಡುವ ಕಾರಣ. ನಿಜವಾದ ಕಾರಣ ಕಾಕಾ.

ನಾವು ಒಟ್ಟು ನಾಲ್ವರು. ಇಂಡಿ ಪಟ್ಟಣದ ಶಾಲೆಯೊಂದರ ಡ್ರಾಯಿಂಗ್ ಮಾಸ್ತರರು, ಮುದ್ದೇಬಿಹಾಳದಲ್ಲಿ ಔಷಧದ ಅಂಗಡಿ ಇಟ್ಟಿರುವ, ನಾವೆಲ್ಲ ಭಾಯಿ ಎಂದು ಕರೆಯುವ ಗೆಳೆಯರು, ನಾನು, ಮತ್ತು ಬಸವನ ಬಾಗೇವಾಡಿಯ ಕಾಕಾ. ಕಾಕಾ ನಮ್ಮಲ್ಲಿ ಯಾರಿಗೂ ಸಂಬಂಧಿಕರಲ್ಲ. ವಯಸ್ಸಿನಿಂದ ಎಲ್ಲರಿಗೂ ಕಾಕಾ ಆದವರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದಾರೆ. ಅವರ ಸೇವೆಯ ಬಹುಭಾಗ ಕಳೆದದ್ದು ತರಬೇತಿಗೆ ಬಳಸುತ್ತಿದ್ದ ಎರಡು ಸೀಟಿನ ಮಿಗ್-21ರ ಕೆಳಗೆ. ಮುಂದೆ ಕಲಿಯುವವನು, ಹಿಂದೆ ಕಲಿಸುವವನು ಕೂರುವ ವಿಮಾನವದು. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ನಮ್ಮ ರೂಢಿ.

ಇನ್ನೊಂದು ರೂಢಿಯನ್ನು ಇಲ್ಲಿ ದಾಖಲಿಸುವುದು ಅವಶ್ಯ. ಯಾವುದೇ ವಿಮಾನದ ಹೊಸ ಕಿಟ್ ಬರಬಹುದೆಂಬ ಸುದ್ದಿ ಹರಡಿದರೆ, ಅದೇ ವಿಮಾನದ ಹಳೆಯ ಕಿಟ್ ಇದ್ದವರು ಅದನ್ನು ಬಿಚ್ಚುವಂತಿಲ್ಲ. ಇದಕ್ಕೆ ನಾವು ‘ಹೋಲ್ಡ್’ ಎನ್ನುತ್ತೇವೆ. ಹಳೆಯ ಕಿಟ್‌ಗಳಲ್ಲಿ ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ ದಪ್ಪ, ಬೆನ್ನಿನ ಬಾಗು ತಪ್ಪು, ತಗಡುಗಳ ಜೋಡಣೆ ತೋರಿಸುವ ಗೆರೆಗಳು ಹೊಲದ ಸಾಲಿನಷ್ಟು ಆಳ. ಅಂಥದ್ದರ ಮೇಲೆ ತಿಂಗಳುಗಟ್ಟಲೆ ದುಡಿದು ಮುಗಿಸುವಷ್ಟರಲ್ಲಿ ಚೆಂದದ ಹೊಸದು ಬಂದು ಹೊಟ್ಟೆ ಉರಿಸಿದ ಅನುಭವ ನಮ್ಮೆಲ್ಲರಿಗೂ ಆಗಿತ್ತು. ಕಾಕಾ ಅವರ ಬಳಿ ಎರಡು ಸೀಟಿನ ಮಿಗ್‌ನ ಹಳೆಯ ಕಿಟ್ ಒಂದಿತ್ತು. ಹೊಸದು ಬರುವ ಸುದ್ದಿಯೂ ಇತ್ತು. ಹೀಗಾಗಿ ಸದರಿ ಕಿಟ್ ವರ್ಷಗಳಿಂದ ಹೋಲ್ಡ್‌ನಲ್ಲಿತ್ತು.

ಆ ನಡುವೆ ಕಾಕಾ ಅವರ ಕಣ್ಣಿಗೆ ಗ್ಲಾಕೋಮಾ ಎಂದು ವೈದ್ಯರು ಹೇಳಿದರು. ಹನಿ ಹಾಕಿಕೊಳ್ಳುತ್ತಿದ್ದರೆ ಇದ್ದದ್ದು ಸ್ವಲ್ಪ ಕಾಲ ಉಳಿದೀತು, ಹೋದದ್ದು ಬಾರದು ಎಂಬುದು ಅವರ ಅಭಿಪ್ರಾಯ. ಆ ಹನಿಯನ್ನು ಭಾಯಿಯೇ ತಂದುಕೊಡುತ್ತಿದ್ದರು. ಕಾಕಾ ಅವರಿಗೆ ಎದುರಿನದು ಸ್ಪಷ್ಟವಾಗಿ ಕಾಣುತ್ತಿತ್ತು, ಅಕ್ಕಪಕ್ಕದ್ದು ಮಾಯವಾಗುತ್ತಿತ್ತು. ಚಹಾ ಕುಡಿಯುವಾಗ ಪಕ್ಕದಲ್ಲಿಟ್ಟ ಬಶಿಯನ್ನು ಅವರು ಬೆರಳಿನಿಂದ ಹುಡುಕುವುದನ್ನು ನಾವು ನೋಡಿಯೂ ನೋಡದಂತೆ ಇರುತ್ತಿದ್ದೆವು.

ಒಂದು ಭಾನುವಾರ ಅವರೇ ನನಗೆ ಬಿಡಿಸಿ ಹೇಳಿದರು. “ಬಾಗಲಾ ಮುಂದ ಮಾಡಿಕೋತ ಬಂದಂಗ ಆಗೇತಿ ತಮ್ಮಾ. ಸಂದ್ಯಾಗ ಎಷ್ಟ ಕಾಣತೈತಿ ಅಷ್ಟ. ಖರೇ ಇಮಾನ ತಂದು ಮುಂದ ನಿಂದ್ರಿಸಿದ್ರ ನನಗ ಈಗ ಬರೇ ಮೂಗ ಕಾಣತೈತಿ. ಆದ್ರ ಒಂದೂವರಿ ಗೇಣಿಂದು ಇಡೀ ಕಾಣತೈತಿ, ಕೈ ಚಾಚಿ ಹಿಡದ್ರ. ಬಾಗಲಾ ಬೀಳೂದ್ರಾಗ ಅದೊಂದು ನೋಡಬೇಕು.”

ಅಂದಿನಿಂದ ಹೊಸ ಕಿಟ್‌ನ ನಿರೀಕ್ಷೆ ನನಗೆ ಹವ್ಯಾಸವಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದೊಡನೆ, ಕಚೇರಿಯಲ್ಲಿ ಮೇಜಿನ ಕೆಳಗೆ, ಪಕ್ಕದ ಕನ್ನೊಳ್ಳಿಯ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ, ವಿದೇಶಿ ಕಂಪನಿಗಳ ಪುಟಗಳನ್ನು ಮೊಬೈಲಿನಲ್ಲಿ ತೆರೆಯುತ್ತಿದ್ದೆ. ಮೇಲ್ಕಂಡ ವಿಮಾನವನ್ನು ಆದ್ಯತೆಯ ಮೇರೆಗೆ ಪರಿಗಣಿಸುವಂತೆ ಒಂದು ಕಂಪನಿಗೆ ನನ್ನ ಕಚೇರಿಯ ಇಂಗ್ಲಿಷಿನಲ್ಲಿ ಮನವಿ ಕಳುಹಿಸಿದೆ. ಉತ್ತರ ಬಾರದಿದ್ದಾಗ ನೆನಪೋಲೆ ಕಳುಹಿಸಿದೆ. ತಮ್ಮ ಆಸಕ್ತಿಗೆ ವಂದನೆಗಳು ಎಂದು ಬಂತು. ನಮ್ಮ ಕಚೇರಿಯಿಂದಲೂ ಇಂಥ ಉತ್ತರಗಳು ಹೊರಡುವುದರಿಂದ ಅದರ ಅರ್ಥ ನನಗೆ ತಿಳಿದಿತ್ತು; ಆದರೂ ನಿಲ್ಲಿಸಲಾಗಲಿಲ್ಲ. ನನ್ನ ಹೆಂಡತಿ ಒಮ್ಮೆ, ಹುಟ್ಟುವ ಕೂಸಿಗೂ ನೀವು ಇಷ್ಟು ದಾರಿ ಕಾದಿರಲಿಲ್ಲ ಎಂದಳು. ಅದು ಸತ್ಯವೆಂದು ಇಲ್ಲಿ ದಾಖಲಿಸುತ್ತೇನೆ.

ಕೊನೆಗೊಂದು ದಿನ ಅದೇ ಕಂಪನಿ ಒಂದು ಚಿತ್ರವನ್ನು ಹಾಕಿತು. ಪೂರ್ತಿ ಕತ್ತಲು, ಅದರಲ್ಲಿ ವಿಮಾನದ ಬಾಲವೊಂದರ ನೆರಳು. ಶೀಘ್ರದಲ್ಲೇ ಪ್ರಕಟಣೆ ಎಂಬ ಒಕ್ಕಣೆ. ಆ ತಿಂಗಳ ಭಾನುವಾರ ಇಂಡಿಯಲ್ಲಿ ಮಾಸ್ತರರ ಮನೆಯಲ್ಲಿ ಸೇರಿದಾಗ ಊಟವೂ ಆ ನೆರಳಿನ ಮೇಲೆಯೇ ನಡೆಯಿತು. ಮಾಸ್ತರರು ಅದನ್ನು ಹಾಳೆಯ ಮೇಲೆ ಬರೆದು, ಇಷ್ಟು ಅಗಲದ ಬಾಲ ನಮ್ಮ ಎರಡು ಸೀಟಿನದೇ ಎಂದು ಸಾಧಿಸಿದರು. ಭಾಯಿಗೆ ಅನುಮಾನವಿತ್ತು. ಕಾಕಾ ಮಾತ್ರ ಜೋಳದ ರೊಟ್ಟಿ ಮುರಿಯುತ್ತಿದ್ದರು. ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ನಾನು ಅವರ ಮುಂಗೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ; ಮೊದಲಾಗಿದ್ದರೆ ಬಿಡಿಸಿಕೊಳ್ಳುತ್ತಿದ್ದರು.

ಪ್ರಕಟಣೆ ಬಂತು. ಅದು ಒಂದು ಸೀಟಿನ ಮಿಗ್. ಅದಕ್ಕೂ ಅಂಥದೇ ಅಗಲದ ಬಾಲ. ಬಾಲ ನಮ್ಮದು, ತಲೆ ಮಂದಿದು ಎಂದು ಮಾಸ್ತರರು ಫೋನಿನಲ್ಲಿ ನಗಲು ಯತ್ನಿಸಿದರು. ಕಾಕಾ ಅವರಿಗೆ ತಿಳಿಸುವ ಕೆಲಸವನ್ನು ನನಗೆ ವಹಿಸಲಾಯಿತು. ನಾನು ಫೋನ್ ಮಾಡಿ, ಎರಡು ಸೀಟಿನದು ಬಹುಶಃ ಮುಂದಿನ ವರ್ಷ ಬರಬಹುದೆಂಬ ನಿರೀಕ್ಷೆ ಇದೆ ಎಂದೆ.

“ಬರೂ ವರ್ಷ ಬಂದ್ರ ನೀವ ನೋಡ್ರಿ,” ಎಂದು ಹೇಳಿ ಕಾಕಾ ಫೋನ್ ಇಟ್ಟರು.

ಮುಂದಿನ ಭಾನುವಾರದ ಸರದಿ ಬಾಗೇವಾಡಿಯದು. ನಾವು ಮೂವರೂ ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿಸಿದ್ದ, ವಿಮಾನದ ಮೇಲೆ ಹಚ್ಚುವ ಚಿಹ್ನೆಗಳ ಹಾಳೆ. ಹಳೆಯ ಹಾಳೆ ಹಳದಿಗಟ್ಟಿದ್ದರೆ ಬಿಸಿಲಿಗೆ ಬಿಳಿಯಾಗುತ್ತದೆ. ಅದನ್ನು ಕಂಡೊಡನೆ ನಮಗೆ ಅರ್ಥವಾಯಿತು. ಕಾಕಾ ಹೋಲ್ಡ್ ಮುರಿದಿದ್ದರು. ಮೇಜಿನ ಮೇಲೆ ವಿಮಾನದ ಒಡಲು, ರೆಕ್ಕೆ, ಗಾಲಿ ಎಲ್ಲ ಅಂಟಿ ಗಟ್ಟಿಯಾಗಿದ್ದವು. ಸಂದುಗಳಲ್ಲಿ ಅಂಟು ಉಕ್ಕಿತ್ತು. ಒಂದು ರೆಕ್ಕೆ ತುಸು ಜೋತಿತ್ತು. ಮತ್ತು ವಿಮಾನ ಮೂಗನ್ನು ಮೇಲೆತ್ತಿ ಬಾಲ ಊರಿ ಕುಳಿತಿತ್ತು.

ನಮ್ಮಲ್ಲಿ ಯಾರು ಮೊದಲು ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಭಾಯಿ ಕೇಳಿದರು.

“ಕಾಕಾ, ಒಡಲ ಮುಚ್ಚೂ ಮೊದಲ ಮೂಗಿನ್ಯಾಗ ಸೀಸದ ಗುಂಡ ಹಾಕಿದ್ರಿ ಹೌದಿಲ್ರಿ?”

“ಎಂಥಾ ಗುಂಡ?”

“ತೂಕಕ್ಕರಿ. ಇಲ್ಲಂದ್ರ ಪ್ಲಾಸ್ಟಿಕ್ಕಿಂದು ಹಿಂದಕ್ಕ ಕುಂದರತೈತಿ.”

“ಅಷ್ಟ ವರ್ಷ ಮಿಗ್‌ನ್ಯಾಗ ದುಡದೇನಿ. ಮೂಗಿನ್ಯಾಗ ಸೀಸ ತುಂಬಿದ್ದು ಒಮ್ಮಿನೂ ನೋಡಿಲ್ಲ,” ಎಂದರು ಕಾಕಾ.

ಕಾಕು, ಅಂದರೆ ಕಾಕಾ ಅವರ ಪತ್ನಿ, ಚಹಾದ ತಟ್ಟೆ ಇಡುತ್ತ, “ಯಜಮಾನ್ರಂಗ ಅದಕ್ಕೂ ಸ್ವಂಟಾ ಹಿಡದಿರಬೇಕು. ಕುಂದರ್ಲಿ ಬಿಡ್ರಿ,” ಎಂದರು. ನಾವು ನಕ್ಕೆವು. ಕಾಕಾ ನಗಲಿಲ್ಲ. ವಿಮಾನವನ್ನು ಎತ್ತಿ ಕೈ ಚಾಚಿ ಹಿಡಿದರು, ನೋಡಿದರು, ಮತ್ತೆ ಇಟ್ಟರು. ಅದು ಮತ್ತೆ ಹಿಂದಕ್ಕೆ ಕುಳಿತಿತು.

ಮಾಡಬಹುದಾದ್ದನ್ನೆಲ್ಲ ಚರ್ಚಿಸಲಾಯಿತು. ಸಂದು ಒಡೆದರೆ ಒಡಲು ಸೀಳುತ್ತದೆ. ಮೂಗು ಕೊರೆದರೆ ಅದರ ತುದಿ ಕೆಡುತ್ತದೆ. ಬಾಲದ ಕೆಳಗೆ ಒಂದು ಕಡ್ಡಿ ಕೊಡಬಹುದೆಂದು ನಾನು ಸೂಚಿಸಿದಾಗ, ಮಾಸ್ತರರು ಇದೇನು ಮುರುಕು ಬಂಡಿಯೇ ಎಂದು ಕೇಳಿದರು. ಇದನ್ನು ಬಿಟ್ಟು ಹೊಸದಕ್ಕೆ ಕಾಯೋಣವೆಂಬ ಮಾತು ನನ್ನ ಬಾಯಿಗೆ ಬಂದಿತ್ತು. ಕಿಟಕಿಯ ಮೇಲಿನ ಹಾಳೆಯನ್ನು ಕಂಡು ನುಂಗಿಕೊಂಡೆ.

ಅಷ್ಟು ಹೊತ್ತೂ ಕಾಕಾ ವಿಮಾನದ ಒಡಲ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. ರೆಕ್ಕೆಯ ಹಿಂದೆ ಒಡಲನ್ನು ಸುತ್ತಿಕೊಂಡು ಬರುವ ಆಳವಾದ ಗೆರೆಯೊಂದರಲ್ಲಿ ಉಗುರು ಸಿಕ್ಕಿ ನಿಂತಿತು.

“ಮಾಸ್ತರ, ಸಣ್ಣ ಗರಗಸ ತಂದೀರೇನು?”

“ಐತ್ರಿ. ಯಾಕ್ರಿ?”

“ಇಲ್ಲಿ ಕೊಯ್ರಿ.”

ಮಾಸ್ತರರು ಗರಗಸ ತೆಗೆಯಲಿಲ್ಲ. ಆಗ ಕಾಕಾ ವಿವರಿಸಿದರು. ನಿಜವಾದ ಮಿಗ್‌ನ ಎಂಜಿನ್ ಇಳಿಸಬೇಕಾದರೆ ಒಡಲನ್ನು ಆ ಗೆರೆಯಲ್ಲಿಯೇ ಬಿಚ್ಚುತ್ತಾರೆ. ಇಡೀ ಬಾಲವನ್ನು ಗಾಲಿಯ ಟ್ರಾಲಿಯ ಮೇಲೆ ಹಿಂದಕ್ಕೆ ಎಳೆದು ಬೇರೆ ನಿಲ್ಲಿಸುತ್ತಾರೆ. ಮುಂದಿನ ಭಾಗದಿಂದ ಎಂಜಿನ್ ಹೊರಚಾಚಿರುತ್ತದೆ. ಅವರ ನೌಕರಿ ನಡೆದದ್ದು ಈ ಎರಡು ತುಂಡುಗಳ ನಡುವಿನ ಜಾಗದಲ್ಲಿ.

“ಇಡೀ ಆತಂದ್ರ ಅದು ಪೈಲಟ್‌ರದು ತಮ್ಮಾ, ಹಾರಿಸ್ಕೊಂಡ ಹೊಕ್ಕಾರ. ಬಿಚ್ಚಿ ನಿಂತಾಗಷ್ಟ ನಮ್ಮದು,” ಎಂದರು ಕಾಕಾ. “ನಾ ಬರೇ ಇಡೀದ ನೋಡಬೇಕಂತ ಕುಂತಿದ್ನಿ ನೋಡು.”

ನಾನು ಮೂಗು ಹಿಡಿದೆ, ಭಾಯಿ ರೆಕ್ಕೆ ಹಿಡಿದರು, ಮಾಸ್ತರರು ಗೆರೆಯಗುಂಟ ಕೊಯ್ದರು. ಬಾಲ ಕಳಚಿದ ಕ್ಷಣ ಮುಂಭಾಗ ನನ್ನ ಬೆರಳುಗಳಿಂದ ಜಾರಿ ಮೂಗಿನ ಗಾಲಿಯ ಮೇಲೆ ಟಕ್ಕನೆ ಇಳಿದು ನಿಂತಿತು. ಸದ್ದು ಬಂದ ಕಡೆಗೆ ಕಾಕಾ ತಲೆ ತಿರುಗಿಸಿದರು.

ಮುಂದಿನ ಕೆಲವು ಭಾನುವಾರಗಳನ್ನು ಸರದಿ ಮುರಿದು ಬಾಗೇವಾಡಿಯಲ್ಲೇ ಕಳೆದೆವು. ಕಿಟ್‌ನಲ್ಲಿ ಎಂಜಿನ್ ಇರಲಿಲ್ಲ. ಮಾಸ್ತರರು ಪೆನ್ನಿನ ಕೊಳವೆಯಿಂದ ಒಂದನ್ನು ಮಾಡಿದರು. ಅದರ ಹೊದಿಕೆಗೆ ಭಾಯಿ ಮುಲಾಮಿನ ಖಾಲಿ ಟ್ಯೂಬನ್ನು ಕೊಯ್ದು ತಂದರು. ಇಂಜೆಕ್ಷನ್ ಸೂಜಿಗಳು ಟ್ರಾಲಿಯ ಕಂಬಿಗಳಾದವು, ಔಷಧ ಶೀಶೆಗಳ ರಬ್ಬರ್ ಮುಚ್ಚಳದಿಂದ ಗಾಲಿಗಳು ಬಂದವು. ಕಾಕಾ ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ, ಇನ್ನಷ್ಟು ದಪ್ಪ ಬೇಕು, ಇನ್ನಷ್ಟು ಉದ್ದ ಬೇಕು ಎನ್ನುತ್ತಿದ್ದರು. ಜೋತ ರೆಕ್ಕೆಯನ್ನು ಸರಿಪಡಿಸಲು ಅವರು ಬಿಡಲಿಲ್ಲ. ಚಿಹ್ನೆಗಳು ಬಿಸಿಲಿಗೆ ಚೆನ್ನಾಗಿ ಬೆಳ್ಳಗಾಗಿದ್ದವು. ಅವನ್ನು ಮಾಸ್ತರರು ಹಚ್ಚಿದರು. ಕೊನೆಗೆ ಗೋಡೆಯ ಗಾಜಿನ ಕಪಾಟಿನಲ್ಲಿ ಮುಂಭಾಗವನ್ನೂ ಅದರ ಹಿಂದೆ ಒಂದು ಮೊಳದಷ್ಟು ಅಂತರದಲ್ಲಿ ಬಾಲವನ್ನೂ ನಿಲ್ಲಿಸಿದೆವು. ಕಾಕಾ ಎದುರು ಕುರ್ಚಿ ಹಾಕಿಕೊಂಡು ಕುಳಿತು ಮೂಗಿನಿಂದ ಬಾಲದವರೆಗೆ, ಬಾಲದಿಂದ ಮೂಗಿನವರೆಗೆ ನೋಡಿದರು. ಚಹಾ ಆರಿತು.

ಇದಾದ ಕೆಲವು ತಿಂಗಳಿಗೆ ಸದರಿ ಕಂಪನಿ ಎರಡು ಸೀಟಿನ ಮಿಗ್ ಅನ್ನು ಪ್ರಕಟಿಸಿತು. ಬರಲಿದೆ ಎಂಬುದನ್ನು ಬಿಟ್ಟು ಬೇರೆ ವಿವರವಿಲ್ಲ. ಮಾಸ್ತರರು ಮತ್ತು ಭಾಯಿ ತಲಾ ಒಂದು ಕೊಳ್ಳುವುದಾಗಿ ನಿರ್ಧರಿಸಿದ್ದಾರೆ. ಕಾಕಾ ಅವರಿಗೆ ತಿಳಿಸಿದಾಗ, ಬಂದರೆ ನೀವು ಇಡಿಯಾಗಿ ಕಟ್ಟಿರಿ, ಮೂಗಿನಲ್ಲಿ ಸೀಸ ಮರೆಯಬೇಡಿರಿ ಎಂದು ನನಗೇ ಸೂಚನೆ ಕೊಟ್ಟರು. ನಾನು ಈಗಲೂ ಬೆಳಿಗ್ಗೆ ಎದ್ದೊಡನೆ ಆ ಪುಟವನ್ನು ತೆರೆಯುತ್ತೇನೆ.

ಆದರೆ ಬಾಗೇವಾಡಿಗೆ ಹೋದಾಗ ನಾನು ಮೊದಲು ನೋಡುವುದು ಕಪಾಟನ್ನು. ಎರಡು ತುಂಡುಗಳ ನಡುವಿನ ಅಂತರ ನಾವು ಇಟ್ಟಷ್ಟು ಉಳಿದಿಲ್ಲ. ಒಮ್ಮೆ ಅದು ಗೇಣಾಗಿತ್ತು, ಮತ್ತೊಮ್ಮೆ ಅಂಗೈಯಷ್ಟು. ಕಪಾಟು ಒರೆಸುವಾಗ ಸರಿದಿರಬೇಕೆಂದು ನಾನು ಭಾವಿಸಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಕು ದನಿ ತಗ್ಗಿಸಿ ಹೇಳಿದರು: “ಅವರ ಸರಸ್ತಾರ. ಎರಡೂ ಕೂಡೇ ಕಾಣವಲ್ಲವು ಅಂತ, ಬಾಲಾ ಸ್ವಲ್ಪ ಸ್ವಲ್ಪ ಮುಂದಕ್ಕ ತರ್ತಾರ.”

ಕಳೆದ ಭೇಟಿಯಲ್ಲಿ ಎಂಜಿನ್ನಿನ ತುದಿ ಬಾಲದ ಬಾಯೊಳಗೆ ಸೇರಿತ್ತು. ಮುಲಾಮಿನ ಟ್ಯೂಬಿನ ಹೊದಿಕೆ ಎರಡು ಬೆರಳಿನಷ್ಟು ಇನ್ನೂ ಹೊರಗೆ ಕಾಣುತ್ತಿತ್ತು. ಕಾಕಾ ಬಾಗಿಲ ಕಡೆಗೆ ಮುಖ ಮಾಡಿ, ಯಾರು ಬಂದರೆಂದು ಕೇಳಿದರು. ನಾನು, ಸಿಂದಗಿಯವನು ಎಂದೆ. ಕುರ್ಚಿ ಎಳೆದುಕೊಂಡು ಅವರಿಗೆ ಸರಿಯಾಗಿ ಎದುರಿಗೆ ಕುಳಿತೆ.