ಪೂಜೆ ಬಿಡಿಸಿದ ಕಲ್ಲು

ಅಂಕಲಗಿ ಕಡೆಯ ರಸ್ತೆ ಅಗಲ ಮಾಡುವ ಮೊದಲು ಅದರ ಎರಡೂ ಬದಿಯ ಹಳೆಯ ಕಲ್ಲು, ಶಾಸನ, ಪಾಳು ಗುಡಿಗಳನ್ನು ಪಟ್ಟಿ ಮಾಡಬೇಕಾಗಿತ್ತು. ಆ ಕೆಲಸಕ್ಕೆ ನನ್ನನ್ನು ಕರೆದವರು ನನಗೆ ಇತಿಹಾಸ ಕಲಿಸಿದ ಸರ್. ಮೂಡಲಗಿಯ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನಾನು ರಜೆ ಹಾಕಿ ಓಡಿದೆ. ಸರ್ ಕರೆದರೆ ಹೋಗದೆ ಇರುವುದುಂಟೇ? ಅಷ್ಟು ಭಕ್ತಿ, ನನ್ನ ಹಣೆಬರಹ!

ಮೂರನೆಯ ದಿನ ಒಂದು ಕಬ್ಬಿನ ಹೊಲದ ಬದುವಿನಲ್ಲಿ ವೀರಗಲ್ಲು ಸಿಕ್ಕಿತು. ಎಣ್ಣೆ, ಭಂಡಾರದ ಅರಿಸಿನ ಮೆತ್ತಿ ಮೆತ್ತಿ ವೀರನ ಮುಖವೇ ಕಾಣುತ್ತಿರಲಿಲ್ಲ. ಹೊಲದೊಡತಿ ಆಯಿ ಬಂದಳು.

"ಅಂವಾ ನಮ್ಮ ಹಿರ್ಯಾ. ಅಮಾಸಿಗೊಮ್ಮಿ ಎಡಿ ಹಿಡಿಯೂದು ತಪ್ಪಿಸಿಲ್ಲ ನೋಡವಾ. ರಸ್ತಾ ಬಂದ್ರ ಅಂವ ಎಲ್ಲಿ ಹೋಗಬೇಕು?"

ಪೂಜೆ ನಡೆಯುವ ಕಲ್ಲು ದೇವರ ಪಟ್ಟಿಗೆ ಹೋಗುತ್ತದೆ. ರಸ್ತೆಯವರು ಊರ ಹಿರಿಯರನ್ನು ಕರೆದು, ಪೂಜೆ ಮಾಡಿಸಿ ಅದನ್ನು ಬದಿಗೆ ಸರಿಸುತ್ತಾರೆ. ಪೂಜೆ ಇಲ್ಲದ್ದು ಮಾತ್ರ ನಮ್ಮ ಪಟ್ಟಿಗೆ; ಅದನ್ನು ಸಾಗಿಸುವವರೆಗೆ ಅಲ್ಲಿ ರಸ್ತೆ ಕೆಲಸ ನಿಲ್ಲಬೇಕು. ಸರ್‌ಗೆ ಈ ಕಲ್ಲು ನಮ್ಮ ಪಟ್ಟಿಗೇ ಬೇಕಾಗಿತ್ತು.

"ದೇವರಾದ್ರ ಮತ್ತ ಬಣ್ಣಾ ಬಳದು ಹಾಳ ಮಾಡತಾರ. ಪೂಜಿ ಬಿಡಸು. ಊರಾಗ ಕಟ್ಟಿ ಕಟ್ಟಿಸಿ ನಾ ನಿಲ್ಲಸ್ತೇನಿ, ನನ್ನ ಮಾತು" ಎಂದು ಫೋನಿನಲ್ಲಿ ಹೇಳಿದರು.

ಆಯಿಗೆ ಅದನ್ನೇ ಹೇಳಿದೆ. "ನಾ ಇದ್ದೇನಲ್ಲ ಆಯಿ, ಚಿಂತಿ ಮಾಡಬ್ಯಾಡ" ಎಂದೂ ಸೇರಿಸಿದೆ. ಆಕೆ ಒಪ್ಪಿದಳು. "ನೀ ಹೇಳತಿ ಅಂದ್ರ ಖರೆ ಇರಬೇಕು ತಗೋ."

ಬಿಸಿನೀರು, ಸೀಗೆಪುಡಿ ತಂದು ತಾನೇ ತಿಕ್ಕಿದಳು. ವೀರನ ಕಣ್ಣು, ಮೀಸೆ ಒಂದೊಂದೇ ಹೊರಬಂದಾಗ, "ಅಯ್ಯ ಶಿವನ, ಥೇಟ್ ನಮ್ಮ ಮನಿ ಗಂಡಸರಂಗ ಅದಾನಲ್ಲ!" ಎಂದು ನಕ್ಕಳು. ಕಲ್ಲಿನ ಮೇಲೆ ನೆರಳಿಗೆ ಹಾಕಿದ್ದ ತಗಡನ್ನೂ ಬಿಚ್ಚಿಸಿದಳು. ಮುಂದಿನ ಅಮಾವಾಸ್ಯೆಗೆ ಎಡೆ ಹಿಡಿಯಲಿಲ್ಲ. ನಾನು ಫೋಟೊ ತೆಗೆದು, ಅಳತೆ ಬರೆದು ಸರ್‌ಗೆ ಕಳಿಸಿದೆ.

ವರದಿ ಕೈಗೆ ಬಂತು. ಆ ಹೊಲದ ಭಾಗಕ್ಕೆ ಒಂದೇ ಸಾಲು: ಪ್ರಾಚೀನ ಅವಶೇಷಗಳು ಇಲ್ಲ. ಕೆಳಗೆ ಸರ್ ಸಹಿ, ಪಕ್ಕದಲ್ಲಿ ನನ್ನ ಹೆಸರು. ಕೂಡಲೇ ಸರ್‌ಗೆ ಫೋನ್ ಹಚ್ಚಿದೆ.

"ಹಿಂಗ್ಯಾಕ ಬರದ್ರಿ ಸರ್?"

"ಕಲ್ಲ ತೋರಿಸಿದ್ರ ಕೆಲಸ ನಿಲ್ಲತಿತ್ತವಾ. ಗುತ್ತೇದಾರ ಗಡಿಬಿಡಿ ಮಾಡಿದ. ಅಂಥಾ ಕಲ್ಲ ಊರಿಗೆ ಹತ್ತ ಅದಾವ, ಬಿಡು."

ಬಿಡಬೇಕಂತೆ! ಹದಿನೈದು ವರ್ಷ ಈ ಮನುಷ್ಯನ ಕಾಲು ಮುಟ್ಟಿ ನಮಸ್ಕರಿಸಿದ್ದೆ. ಮೈಯೆಲ್ಲ ಉರಿದುಹೋಯಿತು, ಅಳುವೂ ಬಂತು.

ಮರುದಿನ ಓಡಿ ಹೋಗಿ ನೋಡಿದರೆ ಬದುವೇ ಇರಲಿಲ್ಲ. ವೀರಗಲ್ಲು ಮೂರು ಹೋಳಾಗಿ ಮಣ್ಣಿನ ರಾಶಿಯಲ್ಲಿ ಬಿದ್ದಿತ್ತು. ತುಸು ಮುಂದೆ, ಮೊನ್ನೆ ಮೊನ್ನೆ ಕೇಸರಿ ಬಳಿದಿದ್ದ ಒಂದು ಗುಂಡುಕಲ್ಲನ್ನು ಕಾಯಿ ಒಡೆದು, ಕೈ ಮುಗಿದು, ಕ್ರೇನಿನಿಂದ ರಸ್ತೆ ಬದಿಗೆ ಮೆಲ್ಲಗೆ ಇಳಿಸುತ್ತಿದ್ದರು.

ಬುಲ್ಡೋಜರ್ ಡ್ರೈವರನನ್ನು ಬಾಯಿಗೆ ಬಂದಂತೆ ಬೈದೆ. ಅವನು ಹೆದರಿಬಿಟ್ಟ. "ಮ್ಯಾಡಂ, ಎಣ್ಣಿಲ್ಲ, ಭಂಡಾರಿಲ್ಲ. ಚೂರ ಭಂಡಾರ ಕಂಡಿದ್ರ ನಾ ಮುಟ್ಟತಿದ್ನೇನ್ರಿ?"

ಆಯಿ ಹೋಳುಗಳ ಹತ್ತಿರ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಳು. ಆಕೆಯ ಮುಂದೆ ಕುಕ್ಕರಿಸಿ, ಸರ್ ಹೇಗೆ ಮೋಸ ಮಾಡಿದರು ಎಂದು ಬಿಕ್ಕುತ್ತಲೇ ಹೇಳತೊಡಗಿದೆ. ಆಕೆ ಕೈ ಅಡ್ಡ ಹಿಡಿದಳು.

"ನಿನ್ನ ಸರ್ ಯಾರೋ ನನಗ ಗೊತ್ತಿಲ್ಲವಾ. ನನಗ ಹೇಳಿದಾಕಿ ನೀ."